ಎದುರು ಹಿಡಿದ ಕೈ

‘ಅಣ್ಣಾ, ಕರೇಕಲ್ಲಿಗೆ ಹೋಗುವ ದಾರಿ ಇದೇನಾ?’

ಗುರು ಜೀಪಿನಿಂದ ತಲೆ ಹೊರಹಾಕಿ ಕೇಳಿದರು. ಕುರಿ ಕಾಯುವವನು ಜೀಪನ್ನು ನೋಡಿದ. ಜೀಪು ಬಂದ ದಿಕ್ಕನ್ನು ನೋಡಿದ. ಕೋಲನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡ.

‘ಇದು ಎಲ್ಲಿಗೂ ಹೋಗೂ ದಾರಿ ಅಲ್ರಿ ಅವ್ವಾರ. ಮುಂದ ಕೆರಿ ಐತಿ. ಕೆರಿಯೊಳಗ ನೀರಿಲ್ಲ, ಅಷ್ಟ ನಿಮ್ಮ ಪುಣ್ಯಾ.’

‘ಹಾಗಾದರೆ ಕರೇಕಲ್ಲು?’

‘ಹಿಂದ ಕವಲಿನ್ಯಾಗ ಬಲಕ್ಕ ಹೊಳ್ಳಬೇಕಿತ್ತು. ಎಡಬದಿಗೆ ಕಲ್ಲು ನೆಟ್ಟಾರ. ಮೊನ್ನೆ ಹಳದಿ ಬಣ್ಣಾನೂ ಹೊಡದಾರ. ಎಮ್ಮಿಗೂ ಕಾಣತೈತಿ. ನಿಮಗ ಕಾಣಲಿಲ್ಲೇನು?’

‘ನಮ್ಮ ಜೀಪಿನಲ್ಲಿ ಕಣ್ಣು ನಾಲ್ಕಿವೆ, ಬಾಯಿ ಮಾತ್ರ ಒಂದೇ,’ ಎಂದು ಗುರು ನಕ್ಕರು.

ಕುರಿಯವನೂ ನಕ್ಕ. ಶಿಷ್ಯನಿಗೆ ನಗು ಬರಲಿಲ್ಲ. ಅವನು ಎಡಗಡೆಯ ಸೀಟಿನಲ್ಲಿ ಕೂತು ತನ್ನ ಕಾಲ ಬಳಿಯ ಗೋಣಿಚೀಲವನ್ನೇ ನೋಡುತ್ತಿದ್ದ.

ಈ ಗುರು ಮಠದಲ್ಲಿ ಕೂತವರಲ್ಲ. ಬಹಳ ದೇಶ ಸುತ್ತಿದ ಹೆಂಗಸು. ಹೋದಲ್ಲಿ ನಾಲ್ಕು ಜನ ಎದುರು ಕೂತರೆ ಪಾಠ ಹೇಳುವರು, ಜನ ಏಳುವ ಮೊದಲೇ ತಾವೆದ್ದು ಮುಂದಿನ ಊರಿಗೆ ಹೊರಡುವರು. ಜೀಪು ಹಳೆಯದು. ಅದನ್ನು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಶಿಷ್ಯ ಬಹಳ ವರ್ಷಗಳಿಂದ ಅವರ ಜೊತೆಗಿದ್ದ. ಅವರ ಹಾಸಿಗೆ ಸುತ್ತುವುದು, ನೀರು ತರುವುದು, ಅವರು ಹೇಳಿದ್ದನ್ನು ನೆನಪಿಟ್ಟುಕೊಳ್ಳುವುದು ಅವನ ಕೆಲಸ.

ಗುರು ಜೀಪನ್ನು ತಿರುಗಿಸಿ ಬಂದ ದಾರಿಯನ್ನೇ ಹಿಡಿದರು. ಸ್ವಲ್ಪ ದೂರ ಹೋದ ಮೇಲೆ ಶಿಷ್ಯ ಬಾಯಿ ಬಿಟ್ಟ.

‘ಅಮ್ಮಾ, ಒಂದು ಮಾತು ಕೇಳಲೇ?’

‘ಕೇಳು.’

‘ಇಷ್ಟು ವರ್ಷ ನಿಮ್ಮ ಜೊತೆಗಿದ್ದೇನೆ. ನೀವು ಹೇಳಿದ್ದೆಲ್ಲ ನನಗೆ ಬಾಯಿಪಾಠ. ಒಂದು ದಿನವೂ ನಿಮಗೆ ಎದುರಾಡಿಲ್ಲ. ನನ್ನ ನಂತರ ಬಂದವರಿಗೆಲ್ಲ ಪಾಠ ಹೇಳಲು ಅಪ್ಪಣೆ ಕೊಟ್ಟಿರಿ. ಅವರಲ್ಲಿ ಒಬ್ಬಳಂತೂ ನಿಮ್ಮ ಜೊತೆ ದಿನಾ ಜಗಳ ಆಡುತ್ತಿದ್ದಳು. ಅವಳಿಗೂ ಕೊಟ್ಟಿರಿ. ನನಗೆ ಮಾತ್ರ ಇನ್ನೂ ಇಲ್ಲ. ಈ ಸಲವೂ ಇಲ್ಲ ಎಂದರೆ ನಾನು ಊರಿಗೆ ಹೋಗಿಬಿಡುತ್ತೇನೆ. ನನ್ನಲ್ಲಿ ಏನು ಕೊರತೆ, ಹೇಳಿ.’

ಗುರು ಒಂದು ಗುಂಡಿ ತಪ್ಪಿಸಿದರು. ಇನ್ನೊಂದು ತಪ್ಪಲಿಲ್ಲ.

‘ಈ ಜೀಪಿನ ಹಿಂದಿನ ಎರಡು ಗಾಲಿಗಳ ನಡುವೆ ಕಬ್ಬಿಣದ ಒಂದು ಗುಂಡು ಇದೆ. ನೋಡಿದ್ದೀಯಾ?’

‘ನೋಡಿದ್ದೇನೆ ಅಮ್ಮಾ. ಮಡಕೆಯಷ್ಟು ದೊಡ್ಡದು.’

‘ಅದರ ಕತೆ ಕೇಳು.’

ಗುರು ಹೇಳತೊಡಗಿದರು.

ಘಟ್ಟದ ಬುಡದಲ್ಲಿ ಒಬ್ಬ ಮೇಸ್ತ್ರಿ ಇದ್ದ. ಹಳೆಯ ಜೀಪುಗಳ ಆ ಗುಂಡನ್ನು ಬಿಚ್ಚಿ ಕಟ್ಟುವುದರಲ್ಲಿ ಆ ಸೀಮೆಯಲ್ಲಿ ಅವನಿಗೆ ಸಮಾನರಿರಲಿಲ್ಲ. ಡಿಫರೆನ್ಷಿಯಲ್ ಎನ್ನುತ್ತಾರೆ ಅದಕ್ಕೆ. ಅವನು ಗುಂಡು ಎನ್ನುತ್ತಿದ್ದ, ನಾವೂ ಹಾಗೇ ಅನ್ನೋಣ. ಅದರೊಳಗೆ ಒಂದು ದೊಡ್ಡ ಹಲ್ಲಿನ ಚಕ್ರ ಇರುತ್ತದೆ, ಅದು ಕ್ರೌನು. ಅದನ್ನು ತಿರುಗಿಸುವ ಚಿಕ್ಕದು ಪಿನಿಯನ್ನು. ಎಂಜಿನ್ನಿನ ಬಲ ಪಿನಿಯನ್ನಿಗೆ ಬರುತ್ತದೆ, ಪಿನಿಯನ್ನು ಕ್ರೌನನ್ನು ತಿರುಗಿಸುತ್ತದೆ, ಕ್ರೌನು ಗಾಲಿಗಳನ್ನು ತಿರುಗಿಸುತ್ತದೆ. ತಿರುವಿನಲ್ಲಿ ಹೊರಗಿನ ಗಾಲಿಗೆ ದಾರಿ ಉದ್ದ, ಒಳಗಿನದಕ್ಕೆ ಗಿಡ್ಡ. ಒಂದು ಓಡಬೇಕು, ಇನ್ನೊಂದು ಕಾಯಬೇಕು. ಯಾರೂ ಹೇಳದೆ, ಯಾರೂ ನೋಡದೆ, ಕತ್ತಲೆಯಲ್ಲಿ ಎಣ್ಣೆಯೊಳಗೆ ಮುಳುಗಿಕೊಂಡು ಆ ಗುಂಡು ಎರಡಕ್ಕೂ ಬೇಕಾದಷ್ಟನ್ನು ಹಂಚುತ್ತದೆ. ನಾನು ಸಮುದ್ರಗಳನ್ನು ನೋಡಿದ್ದೇನೆ, ಹಿಮದ ಬೆಟ್ಟಗಳನ್ನು ನೋಡಿದ್ದೇನೆ. ಆ ಗುಂಡನ್ನು ಬಿಚ್ಚಿಟ್ಟದ್ದನ್ನು ಕಂಡಾಗ ನಿಂತಷ್ಟು ಬೆರಗಾಗಿ ಬೇರೆಲ್ಲೂ ನಿಂತಿಲ್ಲ.

ಬಿಚ್ಚುವುದು ಸುಲಭ. ಕಟ್ಟುವುದೇ ವಿದ್ಯೆ. ಕ್ರೌನಿನ ಹಲ್ಲು ಪಿನಿಯನ್ನಿನ ಹಲ್ಲಿಗೆ ಸರಿಯಾಗಿ ಕೂರಬೇಕು. ತೀರ ಬಿಗಿಯಾದರೆ ಸುಟ್ಟುಹೋಗುತ್ತವೆ. ತೀರ ಸಡಿಲಾದರೆ ಬಡಿದಾಡುತ್ತವೆ. ನಡುವೆ ಕೂದಲೆಳೆಯಷ್ಟು ಬಿಡಬೇಕು. ಅದಕ್ಕೆ ಶಿಮ್ ಎಂಬ ಉಕ್ಕಿನ ಬಳೆಗಳಿವೆ, ಕಾಗದಕ್ಕಿಂತ ತೆಳು. ಒಂದು ಹಾಕಿ ಒಂದು ತೆಗೆದು ನೋಡಬೇಕು. ಸರಿಯಾಯಿತೋ ಇಲ್ಲವೋ ಎಂದು ಬರಿಗಣ್ಣಿಗೆ ತಿಳಿಯುವುದಿಲ್ಲ. ಆದ್ದರಿಂದ ಮೇಸ್ತ್ರಿ ಪೂಜೆ ಸಾಮಾನಿನ ಅಂಗಡಿಯಿಂದ ಸಿಂಧೂರ ತಂದು, ಎಣ್ಣೆಯಲ್ಲಿ ಕಲಸಿ, ಹಲ್ಲುಗಳಿಗೆ ಬಳಿದು ತಿರುಗಿಸುತ್ತಿದ್ದ. ಹಲ್ಲಿಗೆ ಹಲ್ಲು ತಾಗಿದ ಜಾಗದಲ್ಲಿ ಕೆಂಪು ಹೋಗಿ ಉಕ್ಕು ಕಾಣುತ್ತದೆ. ಆ ಗುರುತು ಹಲ್ಲಿನ ನಡುವೆ ಬಂದರೆ ಸರಿ. ಅಂಚಿಗೆ ಬಂದರೆ ಎಲ್ಲ ಬಿಚ್ಚಿ ಮೊದಲಿನಿಂದ ಶುರು.

ಇದಕ್ಕೆ ಇಬ್ಬರು ಬೇಕು. ಒಬ್ಬ ಪಿನಿಯನ್ನನ್ನು ತಿರುಗಿಸುವಾಗ ಇನ್ನೊಬ್ಬ ಕ್ರೌನನ್ನು ಎದುರು ಹಿಡಿಯಬೇಕು. ಘಟ್ಟ ಹತ್ತುವಾಗ ಗಾಲಿಯ ಮೇಲೆ ಭಾರ ಬೀಳುತ್ತದಲ್ಲ, ಆ ಭಾರ ಗ್ಯಾರೇಜಿನ ಕೆಲಸದ ಬೆಂಚಿನ ಮೇಲೆ ಬೇರೆಲ್ಲಿಂದ ಬರಬೇಕು? ಮರದ ತುಂಡು ಸಿಕ್ಕಿಸಿದರೆ ಆಗದು. ಮರ ನಿಲ್ಲಿಸಿಬಿಡುತ್ತದೆ. ಹಿಡಿಯಬೇಕು, ನಿಲ್ಲಿಸಬಾರದು. ಅದು ಕೈಗೇ ಗೊತ್ತು.

ಎದುರು ಹಿಡಿಯುವ ಕೆಲಸ ಮೇಸ್ತ್ರಿಯ ಅಳಿಯನದು. ಕಬ್ಬಿಣದಂಥ ಕೈ, ಬೆಣ್ಣೆಯಂಥ ಮಾತು. ಮಾವ ಬಿಸಿಲು ಎಂದರೆ ಬೆವರುವನು, ಮೋಡ ಎಂದರೆ ಕೊಡೆ ಹುಡುಕುವನು. ಇಂಥ ಅಳಿಯ ಸಿಗಲು ಏನು ಪುಣ್ಯ ಮಾಡಿದ್ದೆಯೋ ಎಂದು ಊರವರು ಮೇಸ್ತ್ರಿಗೆ ಹೇಳುತ್ತಿದ್ದರು. ಮೇಸ್ತ್ರಿಯೂ ಹಾಗೆಯೇ ನಂಬಿದ್ದ.

ಒಂದು ಸಲ ಒಬ್ಬ ಹೆಂಗಸು ಅಲ್ಲಿಗೆ ಬಂದಳು. ಒಂದೂರಿನಲ್ಲಿ ನಾಲ್ಕು ದಿನ ನಿಂತರೆ ಕಾಲು ಕೆರೆಯುವಂಥವಳು. ಅವಳ ಜೀಪು ಘಟ್ಟ ಹತ್ತುವಾಗ ನಾಯಿಯಂತೆ ಊಳಿಡುತ್ತಿತ್ತು. ಮೇಸ್ತ್ರಿ ಗುಂಡನ್ನು ಇಳಿಸಿದ. ಸವೆದ ಬೇರಿಂಗುಗಳನ್ನು ತೆಗೆದು ಹೊಸದು ಹಾಕಿದ. ಸಿಂಧೂರ ಬಳಿದು ತಿರುಗಿಸಿದ. ಗುರುತು ಹಲ್ಲಿನ ನಟ್ಟನಡುವೆ, ಬರೆದಿಟ್ಟಂತೆ ಬಂತು. ಅವಳು ಜೀಪು ಹತ್ತಿ ಹೋದಳು. ಘಟ್ಟದ ಅರ್ಧಕ್ಕೆ ಮತ್ತೆ ಅದೇ ಊಳು. ತಿರುಗಿ ಬಂದಳು. ಮೇಸ್ತ್ರಿ ಮತ್ತೆ ಬಿಚ್ಚಿ ಕಟ್ಟಿದ. ಮತ್ತೆ ಗುರುತು ನಡುವೆಯೇ ಬಂತು. ಘಟ್ಟದಲ್ಲಿ ಮತ್ತೆ ಊಳು.

ಈ ಸಲ ತಿರುಗಿ ಬಂದಾಗ ಮೇಸ್ತ್ರಿಗೆ ಸಿಟ್ಟು ಬಂತು.

‘ಗುಂಡು ಬರೋಬ್ಬರಿ ಐತ್ರಿ. ಓಡಸೂ ಕಾಲು ಬರೋಬ್ಬರಿ ಇಲ್ಲ.’

‘ನನ್ನ ಕಾಲು ಒಂಬತ್ತು ದೇಶದಲ್ಲಿ ಬರೋಬ್ಬರಿ ಇತ್ತಪ್ಪ. ನಿಮ್ಮ ಘಟ್ಟಕ್ಕೆ ಬಂದ ಮೇಲೆ ಕೆಟ್ಟುಹೋಯಿತೇನು?’

‘ಮಾವಾರು ಕಟ್ಟಿದ್ದು ತಪ್ಪಾಗೂದಿಲ್ರಿ,’ ಎಂದ ಅಳಿಯ.

ಹೆಂಗಸು ಜಗಳ ಬೆಳೆಸಲಿಲ್ಲ. ಊಳು ಬರೀ ಸದ್ದಲ್ಲ ಎಂದು ಅವಳಿಗೆ ಗೊತ್ತಿತ್ತು. ಅಂಚಿನಲ್ಲಿ ತಾಗುವ ಹಲ್ಲು ಒಂದು ದಿನ ಮುರಿಯುತ್ತದೆ. ಮುರಿದರೆ ಎಂಜಿನ್ನಿಗೂ ಗಾಲಿಗೂ ಸಂಬಂಧ ತಪ್ಪುತ್ತದೆ. ಅಂಥ ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕು ಗಾಲಿಗಲ್ಲ, ಗುಂಡಿಗೆ ಬರುವ ದಂಡಕ್ಕೆ ಕಟ್ಟಿರುತ್ತದೆ. ಗುಂಡು ಹೋದರೆ ಅದೂ ಹೋಯಿತು. ಏರಿನಲ್ಲಿ ನಿಲ್ಲಿಸಿದ ಜೀಪು ಜನರನ್ನು ಹೊತ್ತುಕೊಂಡೇ ಹಿಂದಕ್ಕೆ ಉರುಳುತ್ತದೆ.

ಅವಳು ಒಂದು ಹಳೆಯ ಟೈರು ಎಳೆದುಕೊಂಡು ಬೆಂಚಿನ ಎದುರು ಕೂತಳು. ‘ಇನ್ನೊಮ್ಮೆ ಕಟ್ಟಿ, ನಾನು ನೋಡುತ್ತೇನೆ,’ ಎಂದಳು.

ಮೇಸ್ತ್ರಿ ಕಟ್ಟಿದ. ಸಿಂಧೂರ ಬಳಿದ. ಪಿನಿಯನ್ನಿಗೆ ಪಾನಾ, ಅಂದರೆ ಸ್ಪ್ಯಾನರು, ಹಾಕಿ ತಿರುಗಿಸತೊಡಗಿದ. ಅಳಿಯ ಕ್ರೌನನ್ನು ಗೋಣಿತಟ್ಟಿನಿಂದ ಹಿಡಿದ. ಮೇಸ್ತ್ರಿಯ ಹಣೆಯ ನರ ಎದ್ದಿತು. ಆ ನರ ಏಳುವುದಕ್ಕೂ ಅಳಿಯನ ಬೆರಳು ಸಡಿಲಾಗುವುದಕ್ಕೂ ಸರಿಹೋಯಿತು. ಚಕ್ರ ಸಲೀಸಾಗಿ ತಿರುಗಿತು. ಗುರುತು ನಟ್ಟನಡುವೆ ಬಂತು.

‘ಯಾಕೆ ಬಿಟ್ಟೆ?’ ಎಂದಳು ಹೆಂಗಸು.

‘ಬಿಟ್ಟಿಲ್ರಿ. ಹಿಡದ ಹಿಡದೀನಿ.’

‘ಮಾವನ ಮುಖ ನೋಡಿ ಬಿಟ್ಟೆ. ಈಚೆಗೆ ಬಾ.’

ಅವಳು ಸೆರಗು ಸಿಕ್ಕಿಸಿಕೊಂಡು ಕ್ರೌನನ್ನು ಹಿಡಿದಳು. ಬಸ್ಸಿನಲ್ಲಿ ಸೀಟು ಹಿಡಿದವಳು ಹೇಗೆ ಬಿಡುವುದಿಲ್ಲವೋ ಹಾಗೆ ಹಿಡಿದಳು. ಮೇಸ್ತ್ರಿ ಪಾನಾ ಎಳೆದ. ಚಕ್ರ ಬಾರದು. ಮತ್ತೆ ಎಳೆದ. ಇಷ್ಟಿಷ್ಟೇ ಬಂತು.

‘ಬಿಡ್ರಿ ಅಮ್ಮಾರ, ಬಾಳ ಬಿಗಿ ಆತು!’

‘ನಾನು ಬಿಡುವುದಿಲ್ಲ. ನೀವು ಎಳೆಯುವುದನ್ನು ಬಿಡಬೇಡಿ.’

ಒಂದು ಸುತ್ತು ಆಯಿತು. ಮೂವರೂ ಬಗ್ಗಿ ನೋಡಿದರು. ಗುರುತು ನಡುವೆ ಇರಲಿಲ್ಲ. ಹಲ್ಲಿನ ತುದಿಯಲ್ಲಿ, ಹೊರ ಅಂಚಿಗೆ, ಉಗುರು ಗೀರಿದಂತೆ ಒಂದು ಗೆರೆ. ಘಟ್ಟದಲ್ಲಿ ಜೀಪಿನ ಭಾರವೆಲ್ಲ ಆ ಗೆರೆಯ ಮೇಲೆ ನಿಲ್ಲುತ್ತಿತ್ತು.

ಮೇಸ್ತ್ರಿ ಆ ಗೆರೆಯ ಮೇಲೆ ಬೆರಳಾಡಿಸಿದ. ಆಮೇಲೆ ಅಂಗಳದ ಆಚೆ, ಘಟ್ಟದ ರಸ್ತೆಯ ಕಡೆ ನೋಡಿದ. ಅವನು ಕಟ್ಟಿಕೊಟ್ಟ ಜೀಪುಗಳೆಲ್ಲ ಆ ಹೊತ್ತಿಗೆ ಅಲ್ಲಿ ಜನ ತುಂಬಿಕೊಂಡು ಹತ್ತುತ್ತಿದ್ದವು.

‘ಏನ್ರೀ ಅಳಿಯಾರ, ನಿಮ್ಮ ಕೈಯಾಗ ಬಲ ಇಲ್ಲೇನು?’

‘ಬಲ ಐತ್ರಿ ಮಾವಾರ. ಅದನ್ನ ನಿಮ್ಮ ಮ್ಯಾಲ ಹ್ಯಾಂಗ ಹಾಕ್ಲಿ?’

‘ಹಂಗಾರ ಇಷ್ಟು ದಿನ ನಾ ನೋಡಿದ್ದು ಹಲ್ಲಿನ ಗುರುತಲ್ಲೋ,’ ಎಂದ ಮೇಸ್ತ್ರಿ. ‘ನಿನ್ನ ಮುಲಾಜಿನ ಗುರುತು.’

ಅಳಿಯ ತಲೆ ತಗ್ಗಿಸಿದ. ಮೇಸ್ತ್ರಿ ಅವನನ್ನು ಬೈಯಲಿಲ್ಲ. ಘಟ್ಟದ ಜೀಪುಗಳನ್ನೆಲ್ಲ ಹಿಂದಕ್ಕೆ ಕರೆಸಲು ಅವನನ್ನೇ ಕಳಿಸಿದ. ತಾನು ಆ ಹೆಂಗಸಿನ ಕೈಯನ್ನು ಎದುರಿಟ್ಟುಕೊಂಡು ಶಿಮ್ ಹಾಕಿದ, ತೆಗೆದ, ಮತ್ತೆ ಹಾಕಿದ. ಹೊತ್ತು ಇಳಿಯುವಾಗ ಗುರುತು ನಡುವೆ ಬಂತು. ಈ ಸಲ ಅದು ನಿಜವಾದ ನಡು.

ಮರುದಿನ ಅವಳು ಘಟ್ಟ ಹತ್ತಿದಳು. ಊಳು ಬರುವ ತಿರುವಿನಲ್ಲಿ ಎಂಜಿನ್ನು ನಿಂತುಹೋಯಿತೋ ಏನೋ ಎಂದು ಗಾಬರಿಯಾದಳು. ನಿಂತಿರಲಿಲ್ಲ. ಹತ್ತುತ್ತಲೇ ಇತ್ತು. ಹಿಂದಿನಿಂದ ಸದ್ದೇ ಬರುತ್ತಿರಲಿಲ್ಲ. ಅವಳು ಬಾಯಿ ಮುಚ್ಚಿಕೊಂಡು ಅಷ್ಟು ದೂರ ಪ್ರಯಾಣ ಮಾಡಿದ್ದು ಅದೇ ಮೊದಲು.

ಹೊರಡುವ ಮೊದಲು ಅವಳು ಕೂಲಿ ಕೊಡಲು ಹೋಗಿದ್ದಳು. ಮೇಸ್ತ್ರಿ ಕೈ ಹಿಂದಕ್ಕೆ ಕಟ್ಟಿಕೊಂಡ. ‘ಕೂಲಿ ಬ್ಯಾಡ್ರಿ. ಮುಯ್ಯಿ ಇರಲಿ,’ ಎಂದ. ಹೊಲದ ಕೆಲಸದಲ್ಲಿ ಇದೆಯಲ್ಲ ಆ ಪದ್ಧತಿ. ನನ್ನ ಹೊಲಕ್ಕೆ ನೀನು ದುಡಿದರೆ ನಿನ್ನ ಹೊಲಕ್ಕೆ ನಾನು ದುಡಿಯಬೇಕು. ಆಳಿಗೆ ಆಳು, ಕೈಗೆ ಕೈ. ನನ್ನಿಂದ ಆಗದಿದ್ದರೆ ನನ್ನ ಮನೆಯವರು ಯಾರಾದರೂ ಬರಬೇಕು. ದುಡ್ಡು ಕೊಟ್ಟರೆ ಅದು ತೀರುವುದಿಲ್ಲ.

‘ನಾ ಕರದ ದಿನ ಬಂದು ಎದುರು ಹಿಡೀಬೇಕು,’ ಎಂದ ಮೇಸ್ತ್ರಿ.

‘ಹಿಡಿಯುತ್ತೇನೆ,’ ಎಂದಳು ಆ ಹೆಂಗಸು.

ಗುರು ಕತೆಯನ್ನು ಇಲ್ಲಿಗೆ ನಿಲ್ಲಿಸಿದರು. ಕವಲು ಬಂದಿತ್ತು. ಹಳದಿ ಕಲ್ಲು ಅಲ್ಲೇ ಇತ್ತು, ಬರುವಾಗ ಶಿಷ್ಯನಿಗೆ ಕಂಡ ಹಾಗೆಯೇ. ಅವರು ಅದರ ಕಡೆ ನೋಡದೆ ಸರಿಯಾದ ದಾರಿಗೆ ಹೊರಳಿಸಿದರು. ಶಿಷ್ಯ ಏನೋ ಹೇಳಲು ಹೋಗಿ ಗೋಣಿಚೀಲವನ್ನು ಸರಿಪಡಿಸಿಕೊಂಡ.

ಕರೇಕಲ್ಲು ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಊರ ಹೊರಗೆ ಘಟ್ಟದ ಬುಡದಲ್ಲಿ ಒಂದು ಗ್ಯಾರೇಜು. ಡ್ರಮ್ಮಿನ ಮೇಲೆ ಕೂತಿದ್ದ ಮುದುಕ ಜೀಪಿನ ಸದ್ದಿಗೇ ಎದ್ದು ನಿಂತ. ಅವನ ಒಂದು ಭುಜ ಇನ್ನೊಂದಕ್ಕಿಂತ ಕೆಳಗಿತ್ತು.

‘ಕಾಲು ಇನ್ನೂ ಕೆರೀತಾವೇನ್ರಿ ಅಮ್ಮಾರ?’

‘ಕೆರೆಯುತ್ತವೆ ಮೋನಪ್ಪ. ಕೆರೆದುಕೊಳ್ಳಲು ಬಗ್ಗುವುದೇ ಈಗ ಕಷ್ಟ.’

ಶಿಷ್ಯ ಮುದುಕನನ್ನು ನೋಡಿದ, ಗುರುವನ್ನು ನೋಡಿದ. ಕತೆಯ ಮೇಸ್ತ್ರಿ ಯಾರು, ಹೆಂಗಸು ಯಾರು ಎಂದು ಅವನಿಗೆ ಆಗ ಗೊತ್ತಾಯಿತು.

‘ಅಳಿಯ ಎಲ್ಲಿ?’ ಎಂದರು ಗುರು.

‘ಘಟ್ಟದ ಮ್ಯಾಲ ತನ್ನದ ಒಂದು ಗ್ಯಾರೇಜ್ ಹಾಕ್ಯಾನ. ದಿನಾ ಫೋನ್ಮಾಡಿ ನಿಮ್ಮದು ತಪ್ಪು, ನಿಮ್ಮದು ತಪ್ಪು ಅಂತ ಜಗಳಾ ತಗೀತಾನ. ಬಾಳ ಚಲೋ ಮೇಸ್ತ್ರಿ ಆದ,’ ಎಂದ ಮೋನಪ್ಪ. ಮುಖ ಅರಳಿತ್ತು. ‘ಇಲ್ಲಿ ಉಳದವರೆಲ್ಲಾ ನನಗ ಕೈ ಮುಗಿಯೂವವರ. ಎದುರು ಹಿಡಿಯೂವವರು ಒಬ್ಬರೂ ಇಲ್ಲ. ಅದಕ್ಕ ನಿಮ್ಮನ್ನ ಕರದೆ.’

ಬೆಂಚಿನ ಮೇಲೆ ಒಂದು ಗುಂಡು ಬಿಚ್ಚಿಕೊಂಡು ಕೂತಿತ್ತು. ಘಟ್ಟದ ಮೇಲಿನ ಹಾಡಿಗೆ, ಆ ಕಾಡಿನ ಸಣ್ಣ ಕೇರಿಗೆ, ಹೋಗುವ ಒಂದೇ ಜೀಪಿನದು ಅದು. ಮರುದಿನ ಬೆಳಿಗ್ಗೆ ಅದು ಒಬ್ಬ ಬಾಣಂತಿಯನ್ನೂ ಅವಳ ಕೂಸನ್ನೂ ಮೇಲಕ್ಕೆ ಒಯ್ಯಬೇಕಿತ್ತು. ಬಾಣಂತಿಯ ತಾಯಿ ಗ್ಯಾರೇಜಿನ ಬಾಗಿಲಲ್ಲಿ ಕೂತು, ಏನೂ ಕೇಳದೆ, ಎಲ್ಲವನ್ನೂ ನೋಡುತ್ತಿದ್ದಳು.

‘ನನ್ನ ಭುಜ ಹೋಗೇತ್ರಿ,’ ಎಂದ ಮೋನಪ್ಪ. ‘ಗುರುತು ಓದತೀನಿ, ಅಷ್ಟ. ತಿರಗಸಾಕೂ ಒಬ್ಬರು ಬೇಕು.’

‘ತಿರುಗಿಸುವುದು ನಾನು,’ ಎಂದು ಗುರು ಪಾನಾ ತೆಗೆದುಕೊಂಡರು. ಶಿಷ್ಯನ ಕಡೆ ತಿರುಗಿ, ‘ಎದುರು ಹಿಡಿಯುವುದು ನೀನು,’ ಎಂದರು.

‘ನಾನೇ ಅಮ್ಮಾ? ನಿಮ್ಮ ಎದುರಿಗೆ?’

‘ಮುಯ್ಯಿಗೆ ಮನೆಯವರು ಬರಬಹುದು. ನೀನು ನನ್ನ ಮನೆಯವನಲ್ಲವೇ?’

ಮೋನಪ್ಪ ಹಲ್ಲುಗಳಿಗೆ ಸಿಂಧೂರ ಬಳಿದ. ಶಿಷ್ಯ ಗೋಣಿತಟ್ಟು ಸುತ್ತಿ ಕ್ರೌನನ್ನು ಹಿಡಿದ. ಗುರು ಪಾನಾ ಎಳೆದರು. ಅವರ ಕುತ್ತಿಗೆಯ ನರ ಎದ್ದಿತು. ಶಿಷ್ಯನಿಗೆ ಅದು ಕಂಡಿತು. ಅವನ ಬೆರಳುಗಳು ಅವನನ್ನು ಕೇಳದೆಯೇ ಸಡಿಲಾದವು.

ಮೋನಪ್ಪ ಬಗ್ಗಿ ನೋಡಿದ. ಕೆಂಪು ಅಲ್ಲಲ್ಲಿ ಮಸುಕಾಗಿತ್ತು, ಅಷ್ಟೇ.

‘ಮುಲಾಜು,’ ಎಂದ. ಬಟ್ಟೆಯಿಂದ ಒರೆಸಿ ಹೊಸದಾಗಿ ಬಳಿದ.

ಬಾಗಿಲಲ್ಲಿ ಕೂತಿದ್ದ ಮುದುಕಿ ಆಗ ಮೊದಲ ಸಲ ಬಾಯಿ ಬಿಟ್ಟಳು. ‘ಯಪ್ಪಾ, ಗಟ್ಟಿ ಹಿಡಿಯೋ. ನಾಳೆ ನನ್ನ ಮಗಳು ಅದರಾಗ ಕೂಡತಾಳ.’

ಶಿಷ್ಯ ಮತ್ತೆ ಹಿಡಿದ. ಗುರು ಎಳೆದರು. ಅವನು ಗುರುವಿನ ಮುಖ ನೋಡಲಿಲ್ಲ, ಚಕ್ರವನ್ನು ನೋಡಿದ. ಗುರುವಿನ ಬಲವೆಲ್ಲ ಉಕ್ಕಿನ ಮೂಲಕ ಹಾದು ಅವನ ಅಂಗೈಗೆ ಬಂತು. ಇಷ್ಟು ವರ್ಷ ಅವರ ಪಾದ ಮುಟ್ಟಿದ್ದ, ಅವರ ಬಲವನ್ನು ಮುಟ್ಟಿರಲಿಲ್ಲ. ಅವನು ತನ್ನ ಬಲವನ್ನು ಅದರ ಎದುರಿಗಿಟ್ಟ. ಗುರು ಉಸಿರು ಬಿಗಿಹಿಡಿದು ಇನ್ನೂ ಎಳೆದರು. ಅವನು ಬಿಡಲಿಲ್ಲ, ನಿಲ್ಲಿಸಲೂ ಇಲ್ಲ. ಹಲ್ಲು ಹಲ್ಲನ್ನು ಒತ್ತಿಕೊಂಡು, ಗೊಣಗಿಕೊಂಡು, ಒಂದೊಂದಾಗಿ ಹಾದುಹೋಯಿತು.

‘ಬುಡದ ಕಡೆ ಐತಿ,’ ಎಂದ ಮೋನಪ್ಪ. ಬಿಚ್ಚಿದ. ಒಂದು ಶಿಮ್ ತೆಗೆದ. ಕಟ್ಟಿದ. ಬಳಿದ. ಇಬ್ಬರೂ ಮತ್ತೆ ಹಿಡಿದರು. ಹಾಗೇ ಇನ್ನೊಮ್ಮೆ.

ಕೊನೆಯ ಸುತ್ತಿಗೆ ಮೋನಪ್ಪ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. ಪಕ್ಕಕ್ಕೆ ಸರಿದು ಜಾಗ ಬಿಟ್ಟ.

ಶಿಷ್ಯ ಬಗ್ಗಿ ನೋಡಿದ. ಕೆಂಪಿನ ನಡುವೆ, ಹಲ್ಲಿನ ಮಧ್ಯದಲ್ಲಿ, ಬಾದಾಮಿಯಂಥ ಒಂದು ಗುರುತು. ಅಂಚು ಮುಟ್ಟದೆ, ತುದಿ ಮುಟ್ಟದೆ, ಬುಡ ಮುಟ್ಟದೆ ಉಕ್ಕು ಬೆಳ್ಳಗೆ ಹೊಳೆಯುತ್ತಿತ್ತು. ಪಕ್ಕದ ಹಲ್ಲಿನಲ್ಲೂ ಅದೇ. ಅದರ ಪಕ್ಕದ್ದರಲ್ಲೂ ಅದೇ. ಯಾರೂ ಬರೆದದ್ದಲ್ಲ ಅದು. ಎರಡು ಕೈಗಳು ಒಂದನ್ನೊಂದು ಬಿಡದೆ ಇದ್ದ ಜಾಗದಲ್ಲಿ ತಾನಾಗಿ ಮೂಡಿದ್ದು. ಮುದುಕಿಯೂ ಎದ್ದು ಬಂದು ನೋಡಿದಳು. ಅವಳಿಗೆ ಅದು ಏನೆಂದು ಗೊತ್ತಾಗಲಿಲ್ಲ. ಆದರೂ ದೇವರ ಮುಂದೆ ಮಾಡುವಂತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

‘ಮುಯ್ಯಿ ತೀರಿತ್ರಿ ಅಮ್ಮಾರ,’ ಎಂದ ಮೋನಪ್ಪ.

ಗುರು ಪಾನಾವನ್ನು ಅದರ ಜಾಗದಲ್ಲಿಟ್ಟು ಕೈ ಒರೆಸಿಕೊಂಡರು. ಒರೆಸಿದ ಬಟ್ಟೆಯನ್ನು ಶಿಷ್ಯನಿಗೆ ಕೊಟ್ಟರು.

‘ಆ ಹಳದಿ ಕಲ್ಲು ನನಗೂ ಕಂಡಿತ್ತು,’ ಎಂದರು.